ಅಪೂರ್ವಾ ಒತ್ತದ ಬಟನ್

ಸುಮಿತ್ರಮ್ಮ ಟೀಚರಿಗೆ ಮೊಬೈಲು ಕಂಡರಾಗದು. ಮಕ್ಕಳ ಕೈಯಲ್ಲಿ ಕಂಡರಂತೂ ಮೈಯೆಲ್ಲ ಉರಿಯುತ್ತದೆ. ಕೊಪ್ಪ, ನರಸಿಂಹರಾಜಪುರ ಎರಡೂ ತಾಲ್ಲೂಕಿನ ಶಾಲೆಗಳಲ್ಲಿ ಗಣಿತ ಕಲಿಸುತ್ತಲೇ ತಲೆಗೂದಲು ಬೆಳ್ಳಗಾದ ಹೆಂಗಸು. ಹೋದಲ್ಲೆಲ್ಲ ‘ಆಟ ಸಾಕು, ಪುಸ್ತಕ ತೆಗೀರಿ’ ಎಂದು ಗದರಿಸಿಯೇ ಹೆಸರು ಮಾಡಿದವರು. ನಿವೃತ್ತಿಗೆ ಇನ್ನೇನು ಹತ್ತಿರ ಬಂತು ಎನ್ನುವಾಗ ಅಂಥವರ ಕೊರಳಿಗೇ ಬಿತ್ತು, ಮಕ್ಕಳಿಗೆ ವಿಡಿಯೋ ಗೇಮ್ ಆಡಿಸುವ ಕೆಲಸ.

ಯಾವುದೋ ಸಂಸ್ಥೆಯವರು ಶಾಲೆಗೆ ಟ್ಯಾಬ್‌ಗಳನ್ನು ದಾನ ಕೊಟ್ಟಿದ್ದರು. ಅದರೊಳಗೊಂದು ಆಟ. ಮಕ್ಕಳು ಒಬ್ಬರನ್ನೊಬ್ಬರು ಪೀಡಿಸಬಾರದು ಎಂದು ಕಲಿಸುವ ಆಟವಂತೆ. ನೀಲಿ ಟೋಪಿಯ ಹುಡುಗನೊಬ್ಬ ಶಾಲೆಗೆ ಬರುತ್ತಾನೆ, ದಾಂಡಿಗನೊಬ್ಬ ಅವನ ಚೀಲ ಕಸಿದುಕೊಳ್ಳುತ್ತಾನೆ. ಆಗ ಪರದೆಯ ಮೇಲೆ ಬಟನ್‌ಗಳು ಮೂಡುತ್ತವೆ: ತಿರುಗಿ ಹೊಡೆ, ಸುಮ್ಮನಿರು, ಟೀಚರಿಗೆ ಹೇಳು. ಕೊನೆಯದನ್ನು ಒತ್ತಿದರೆ ಚೆಂದದ ಟೀಚರೊಬ್ಬಳು ಬಂದು, ನೆಲಕ್ಕೆ ಮಂಡಿಯೂರಿ, ‘ಹೇಳು ಕಂದಾ, ನಾನಿದ್ದೇನೆ’ ಎನ್ನುತ್ತಾಳೆ. ಮೇಲಿಂದ ನಕ್ಷತ್ರಗಳು ಉದುರುತ್ತವೆ.

“ಅವಳಿಗೇನು, ನೋಟ್ಸು ತಿದ್ದೋದಿಲ್ಲ, ಮಂಡಿನೋವಿಲ್ಲ, ಬಾಯಿ ತುಂಬ ಕಂದಾ ಅಂತಾಳೆ,” ಎಂದು ಸುಮಿತ್ರಮ್ಮ ಹೆಡ್‌ಮಾಸ್ಟರ್ ಪರಮೇಶ್ವರರ ಎದುರು ಗೊಣಗಿದರು.

ಪರಮೇಶ್ವರರಿಗೆ ಬೇರೆಯದೇ ಚಿಂತೆ. ಶುಕ್ರವಾರ ಸಂಸ್ಥೆಯವರು ನೋಡಲು ಬರುತ್ತಾರೆ. ಅಷ್ಟರೊಳಗೆ ಆರನೇ ತರಗತಿಯ ಎಲ್ಲ ಮಕ್ಕಳೂ ಆಟ ಗೆದ್ದು ಮುಗಿಸಿರಬೇಕು. “ಹೇಗಾದ್ರೂ ಮಾಡಿ ದಾಟಿಸಿಬಿಡಿ ಮಾರಾಯ್ರೆ,” ಎಂದರು.

ದಾಟಿಸುವುದೆಂದರೆ ಅದೇನು ಸುಲಭವೇ? ಅರ್ಧದಷ್ಟು ಟ್ಯಾಬ್‌ಗಳು ಚಾರ್ಜೇ ಆಗುವುದಿಲ್ಲ. ಚಾರ್ಜ್ ಆದರೆ ಕರೆಂಟಿಲ್ಲದೆ ನೆಟ್‌ವರ್ಕ್ ಸಾಯುತ್ತದೆ. ಎರಡೂ ಇದ್ದ ದಿನ ಮಕ್ಕಳು ಟ್ಯಾಬಿಗಾಗಿ ಜುಟ್ಟು ಹಿಡಿದುಕೊಳ್ಳುತ್ತಾರೆ. ‘ಗೆಳೆಯರೊಂದಿಗೆ ಹಂಚಿಕೋ’ ಎಂಬ ಪಾಠದ ಹೊತ್ತಿಗೆ ಈಶಾನ ಪಕ್ಕದವನನ್ನು ಮೊಣಕೈಯಲ್ಲಿ ತಿವಿದು ಟ್ಯಾಬ್ ಕಿತ್ತುಕೊಂಡ, ‘ಹಂಚಿಕೊಳ್ಳುತ್ತೇನೆ’ ಎಂಬುದನ್ನು ಒತ್ತಿ ಚಪ್ಪಾಳೆ ಗಿಟ್ಟಿಸಿದ. ಸುಮಿತ್ರಮ್ಮ ಅವನ ಕಿವಿ ಹಿಂಡಲು ಕೈ ಎತ್ತಿದವರು, ಈಗಿನ ಕಾಲದಲ್ಲಿ ಅದೂ ಕೂಡದೆಂದು ನೆನಪಾಗಿ ಕೈ ಇಳಿಸಿದರು. ಎಲ್ಲರಿಗಿಂತ ಮೊದಲು ಪೂರ್ತಿ ನಕ್ಷತ್ರ ಪಡೆದವನು ಈಶಾನನೇ.

ಗೆಲ್ಲದೆ ಉಳಿದವಳು ಒಬ್ಬಳೇ, ಅಪೂರ್ವಾ. ಲೆಕ್ಕದಲ್ಲಿ ತರಗತಿಗೇ ಮುಂದು. ಮಾತು ಮಾತ್ರ ತೊದಲು. ಈಚೆಗೆ ವಾರದ ಅರ್ಧದಷ್ಟು ದಿನ ಹೊಟ್ಟೆನೋವೆಂದು ಬರುತ್ತಲೇ ಇರಲಿಲ್ಲ. ಇನ್ನು ಶಾಲೆಯೇ ಬೇಡ ಎಂದು ಹಟ ಹಿಡಿದಿದ್ದಾಳೆಂದು ಅವಳ ಅಮ್ಮ ಫೋನಿನಲ್ಲಿ ಕಣ್ಣೀರು ಹಾಕಿದ್ದರು. ಇಷ್ಟು ಚುರುಕಿನ ಹುಡುಗಿ ಮನೆಯಲ್ಲಿ ಕೂತುಬಿಟ್ಟರೆ ಗತಿಯೇನು ಎಂಬುದು ಸುಮಿತ್ರಮ್ಮನನ್ನು ಕೊರೆಯುತ್ತಿತ್ತು. ಅಂಥವಳು ಈ ಮಂಗಾಟದ ಆಟದಲ್ಲಿ ಪ್ರತಿ ಸಲವೂ ‘ಸುಮ್ಮನಿರು’ ಎಂಬುದನ್ನೇ ಒತ್ತುತ್ತಿದ್ದಳು. ಟ್ಯಾಬ್ ಪ್ರತಿ ಸಲವೂ ‘ಅಯ್ಯೋ, ಇನ್ನೊಮ್ಮೆ ಯೋಚಿಸು’ ಎಂದು ರಾಗ ಎಳೆಯುತ್ತಿತ್ತು.

ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಸುಮಿತ್ರಮ್ಮ ಅವಳೊಬ್ಬಳನ್ನೇ ಕೂರಿಸಿಕೊಂಡರು. ಅವಳು ಮತ್ತೆ ಅದನ್ನೇ ಒತ್ತಿದಳು. ಟ್ಯಾಬ್ ಮತ್ತೆ ಅಯ್ಯೋ ಎಂದಿತು.

“ಎಂತ ಮಾರಾಯ್ತಿ ನಿಂದು? ಎದುರಿಗೇ ಬರೆದಿದೆಯಲ್ಲ, ಟೀಚರಿಗೆ ಹೇಳು ಅಂತ. ಅದನ್ನ ಒತ್ತೋಕೆ ಏನು ಕಷ್ಟ ನಿಂಗೆ?”

ಅಪೂರ್ವಾ ತಲೆ ತಗ್ಗಿಸಿ ಕೂತಳು.

“ಹೇ... ಹೇಳಿದ್ದೆ ಟೀಚರ್. ಜೂನಲ್ಲಿ.”

“ಯಾರಿಗೆ?”

“ನಿಮಗೆ.”

ಸುಮಿತ್ರಮ್ಮನಿಗೆ ನೆನಪಾಯಿತು. ಬಸ್ಸಿನಲ್ಲಿ ಈಶಾನ ಗೋಳು ಹೊಯ್ದುಕೊಳ್ಳುತ್ತಾನೆ ಎಂದಿದ್ದಳು. ಆಗ ಭಿನ್ನರಾಶಿಯ ಪಾಠ ಅರ್ಧಕ್ಕೆ ನಿಂತಿತ್ತು. ಅವನನ್ನು ಎಬ್ಬಿಸಿ, ಎಲ್ಲರೆದುರು ಸಾರಿ ಹೇಳಿಸಿ, ಇಬ್ಬರ ಕೈ ಕುಲುಕಿಸಿ, ತರಗತಿಯಿಂದ ಚಪ್ಪಾಳೆ ಹೊಡೆಸಿ, ಮತ್ತೆ ಬೋರ್ಡಿಗೆ ತಿರುಗಿದ್ದರು. ಗಲಾಟೆಯೊಂದು ಬೇಗ ಮುಗಿಯಿತಲ್ಲ ಎಂದು ಸಮಾಧಾನವೂ ಆಗಿತ್ತು.

“ಆಮೇಲೆ ಏನಾಯ್ತು?”

ತಡೆತಡೆದು ಹೇಳಿದಳು. ಬಸ್ಸಿನಲ್ಲಿ ಈಶಾನ ಅವಳ ಚೀಲ ಕಿತ್ತುಕೊಂಡು ಹಿಂದಿನ ಸೀಟಿನಲ್ಲಿ ಕೂರುತ್ತಾನೆ. ಇಳಿಯುವ ಜಾಗದ ಹೆಸರನ್ನು ತೊದಲದೆ ಹೇಳಿದರೆ ಮಾತ್ರ ಕೊಡುವುದು. ಕಂಚಿನಹಕ್ಕಲು ಎಂಬ ಹೆಸರು ಅವಳ ನಾಲಿಗೆಗೆ ಎಂದೂ ಒಲಿದದ್ದಲ್ಲ. ಹೇಳಲು ಒದ್ದಾಡುವಷ್ಟರಲ್ಲಿ ಬಸ್ಸು ಕಂಚಿನಹಕ್ಕಲು ದಾಟಿರುತ್ತದೆ. ಮುಂದಿನ ಸ್ಟಾಪಿನಲ್ಲಿ ಚೀಲ ಎಸೆಯುತ್ತಾನೆ. ಅಲ್ಲಿಂದ ಹಿಂದಕ್ಕೆ ನಡೆದು ಮನೆ ಸೇರಬೇಕು. ಕೈ ಕುಲುಕಿದ ದಿನವಂತೂ ಎಸೆದದ್ದು ಅದರಾಚೆಗಿನ ಸ್ಟಾಪಿನಲ್ಲಿ.

“ಆ ಬಸ್ಸಲ್ಲಿ ನಾನೂ ಇರ್ತೀನಲ್ಲೇ.”

“ನೀವು ಮುಂದೆ ಇರ್ತೀರಿ ಟೀಚರ್.”

ಹೌದು, ಮುಂದೆಯೇ. ಡ್ರೈವರ್ ಹಿಂದಿನ ಕಿಟಕಿ ಸೀಟಿಗೆ ಕಂಡಕ್ಟರ್ ಟೀಚರಿಗೆಂದು ಕರ್ಚೀಫು ಹಾಕಿಟ್ಟಿರುತ್ತಾನೆ. ಅದೊಂದು ಮರ್ಯಾದೆ. ಹಿಂದಿನಿಂದ ನಗು ಜೋರಾದರೆ ಸುಮಿತ್ರಮ್ಮ ತಿರುಗಿಯೂ ನೋಡದೆ ‘ಏ, ಗಲಾಟೆ ಸಾಕು’ ಎನ್ನುತ್ತಿದ್ದರು, ಮತ್ತೆ ಕಣ್ಣು ಮುಚ್ಚುತ್ತಿದ್ದರು. ಅವರಿಗೆ ಈಶಾನನ ಮೇಲೆ ಸಿಟ್ಟು ಬಂತು, ಟ್ಯಾಬಿನ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮ ಮೇಲೆಯೇ ಬಂತು. ನಾಚಿಕೆಯೂ ಆಯಿತು.

ಪರಮೇಶ್ವರರು ಇಣುಕಿ, “ಆಗ್ಲಿಲ್ವಾ ಇನ್ನೂ? ಅವಳದ್ದು ನೀವೇ ಒತ್ತಿ ಮುಗಿಸಿ,” ಎಂದರು.

“ಒತ್ತೋದಿಲ್ಲ. ಅವಳದ್ದು ಹಾಗೇ ಇರ್ಲಿ. ನಾಳೆ ಬಂದವರು ಕೇಳಿದ್ರೆ ಕಾರಣ ನಾನೇ ಹೇಳ್ತೀನಿ. ಈಶಾನನ ಅಪ್ಪಂಗೆ ಫೋನ್ ಮಾಡಿ, ಬೆಳಿಗ್ಗೆ ಬರ್ಲಿಕ್ಕೆ ಹೇಳಿ.”

“ಬರೋರ ಎದುರು ಇದೆಲ್ಲ ಎಂತಕ್ಕೆ?”

“ಬರೋರು ಒಂದು ದಿನ ಬರ್ತಾರೆ. ಇವಳು ದಿನಾ ಬರ್ಬೇಕು,” ಎಂದು ಸುಮಿತ್ರಮ್ಮ ಟ್ಯಾಬ್ ಆರಿಸಿದರು.

ಸಂಜೆ ಬಸ್ಸು ಬಂದಾಗ ಕಂಡಕ್ಟರ್ ಎಂದಿನಂತೆ ಕರ್ಚೀಫು ಎತ್ತಿಕೊಂಡ. ಸುಮಿತ್ರಮ್ಮ ಅವನನ್ನು ದಾಟಿ, ಕಂಬಿ ಹಿಡಿದುಕೊಂಡು ಹಿಂದಕ್ಕೆ ನಡೆದರು. ಹಿಂದಿನ ಸೀಟಿನ ನಗು ತಟ್ಟನೆ ನಿಂತಿತು. ಅಪೂರ್ವಾಳ ಚೀಲ ಅದಾಗಲೇ ಈಶಾನನ ತೊಡೆಯ ಮೇಲಿತ್ತು.

“ಕೂತ್ಕಳಿ ಟೀಚರ್,” ಎಂದು ಅವನು ಬಲು ವಿನಯದಿಂದ ಎದ್ದ. ಆಟದಲ್ಲಿ ಪೂರ್ತಿ ನಕ್ಷತ್ರ ಬಂದದ್ದು ಸುಮ್ಮನೆ ಅಲ್ಲ.

“ಚೀಲ ಕೊಡು. ಮಾತು ಬೆಳಿಗ್ಗೆ, ನಿನ್ನಪ್ಪನ ಎದುರು.”

ಕಂಚಿನಹಕ್ಕಲು ಬರುತ್ತಿದ್ದಂತೆ ಕೂಗಿ ಬಸ್ಸು ನಿಲ್ಲಿಸಿದವರು ಸುಮಿತ್ರಮ್ಮನೇ. ಹುಡುಗಿಯ ಜೊತೆ ತಾವೂ ಇಳಿದರು. ಹರಿಹರಪುರದ ತಮ್ಮ ಮನೆಗೆ ಮುಂದಿನ ಬಸ್ಸು ಯಾವಾಗಲೋ, ಹಿಂದಿನ ಸೀಟಿನ ಕುಲುಕಾಟಕ್ಕೆ ಮಂಡಿ ಬೇರೆ ಹಿಡಿದುಕೊಂಡಿತ್ತು. ಆದರೂ ಅವಳ ಅಮ್ಮನ ಹತ್ತಿರ ಈ ಮಾತನ್ನು ಫೋನಿನಲ್ಲಿ ಆಡುವಂತಿರಲಿಲ್ಲ.

ಮಣ್ಣು ರಸ್ತೆಗೆ ತಿರುಗುವಾಗ ಕೇಳಿದರು, “ನಾಳೆ ಶಾಲೆಗೆ ಬರ್ತೀಯಲ್ಲ?”

“ನೀವು ಹಿ... ಹಿಂದೆ ಕೂರ್ತೀರಾ?”

“ಕೂರ್ತೀನಿ.”

“ನಾಡಿದ್ದು?”

“ನಾಡಿದ್ದೂ ಕೂರ್ತೀನಿ ಮಾರಾಯ್ತಿ. ವರ್ಷ ಇಡೀ ಕೂರ್ತೀನಿ.”

ಅಪೂರ್ವಾ ಚೀಲವನ್ನು ಬೆನ್ನಿಗೆ ಸರಿಮಾಡಿಕೊಂಡು ಟೀಚರ ಮುಖ ನೋಡಿದಳು.

“ನೋಡಣ ಟೀಚರ್,” ಎಂದಳು. ಆ ಮಾತು ಮಾತ್ರ ಎಲ್ಲೂ ತಡೆಯಲಿಲ್ಲ.

ಎದುರು ಮಾತಾಡಿದ ಮಕ್ಕಳನ್ನು ಸುಮಿತ್ರಮ್ಮ ಸುಮ್ಮನೆ ಬಿಟ್ಟವರಲ್ಲ. ಈ ಸಲ ಬೈಯದೆ, ಮಂಡಿ ನೀವಿಕೊಂಡು ಅವಳ ಹಿಂದೆಯೇ ನಡೆದರು.