ಹಾಜರಿ ಪುಸ್ತಕದ ಕಾಗೆಗಳು

ಆನೇಮಹಲ್ ಹತ್ತಿರದ ಕಾಫಿ ಎಸ್ಟೇಟೊಂದರ ಆಫೀಸಿನಲ್ಲಿ ನಾನು ಮೂರು ವರ್ಷ ಕೆಲಸ ಮಾಡಿದೆ. ಆಳುಗಳ ಹಾಜರಿ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಪುಸ್ತಕ ಬರೆಯುತ್ತಿದ್ದವರು ರೈಟರು. ಐವತ್ತು ದಾಟಿದ, ಹಣೆಗೆ ವಿಭೂತಿಯಿಲ್ಲದೆ ಮನೆಯಿಂದ ಹೊರಡದ ಮನುಷ್ಯ. ಮೊದಲ ವಾರವೇ ಕೆಲವು ಹೆಂಗಸರ ಹೆಸರಿನ ಮುಂದೆ ಪುಟ್ಟ ಹಕ್ಕಿಯ ಚಿತ್ರ ಕಂಡು ಇದೇನು ಎಂದು ಕೇಳಿದೆ. ಜೀಪಿನ ಡ್ರೈವರು ಕಿಸಕ್ಕನೆ ನಕ್ಕ. ರೈಟರು ಮಾತ್ರ ಗಂಭೀರವಾಗಿ, "ಕಾಗೆ ಮುಟ್ಟಿರೋದು ಕಣಮ್ಮ," ಎಂದರು. ನಾನೂ ನಕ್ಕೆ. ಆ ನಗು ನೆನಪಾದಾಗ ಈಗಲೂ ಬಾಯಿ ಮುಕ್ಕಳಿಸಬೇಕು ಅನ್ನಿಸುತ್ತದೆ.

ಮುಟ್ಟು ಎಂದು ಬಾಯಿಬಿಟ್ಟು ಹೇಳಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲೇ ಇಲ್ಲ. ಪಾಳ್ಯದ ನಮ್ಮ ಮನೆಯಲ್ಲಿ ಅವ್ವ "ಹೊರಗೆ" ಅನ್ನುತ್ತಿದ್ದಳು. ಹಾಸನದ ಹಾಸ್ಟೆಲಿನಲ್ಲಿ ನಾವು "ಕೆಂಪು ಬಸ್ಸು ಬಂತು" ಎಂದು ಹೇಳಿಕೊಂಡು ದಿಂಬಿಗೆ ಮುಖ ಒತ್ತಿ ನಗುತ್ತಿದ್ದೆವು. ಎಸ್ಟೇಟಿನ ಆಳುಗಳ ಲೈನ್ ಮನೆಗಳಲ್ಲಿದ್ದ ತಮಿಳು ಹೆಂಗಸರಿಗೆ ಅದು "ದೂರಂ", ಅಸ್ಸಾಮಿನಿಂದ ಬಂದ ಹುಡುಗಿಯರಿಗೆ "ಮಹೀನಾ", ಕಾನ್ವೆಂಟಿನಲ್ಲಿ ಓದಿದ ಸಾಹುಕಾರರ ಹೆಂಡತಿಗೆ "ಚಮ್ಸ್". ರೈಟರು ಅಷ್ಟನ್ನೂ ಕಲಿತಿದ್ದರು. ರಜೆ ಕೇಳಲು ಬಂದವಳ ಬಾಯಿಂದಲೇ ಆ ಮಾತು ಹೊರಡಿಸುವುದು ಅವರ ಚಟ. ಏನಾಗಿದೆ, ಕೇಳಿಸಲಿಲ್ಲ, ಸರಿಯಾಗಿ ಹೇಳು ಎಂದು ಎರಡೆರಡು ಸಲ ಕೇಳುವರು. ಹುಡುಗಿ ನೆಲ ನೋಡುತ್ತ ಪಿಸುಗುಟ್ಟಿದ ಮೇಲೆ ಪೆನ್ನಿನ ಮುಚ್ಚಳ ತೆಗೆದು, ನಿಧಾನವಾಗಿ ಕೊಕ್ಕು, ಬಾಲ ಎಲ್ಲ ಬಿಡಿಸುವರು. ಅಸಹ್ಯಪಟ್ಟು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಆದರೂ ನಾನು ಟೈಪು ಮಾಡುತ್ತಲೇ ಇದ್ದೆ.

ಆ ವರ್ಷ ಕಾಫಿ ಕೊಯ್ಲು ಬಿರುಸಾಗಿದ್ದಾಗ ಆಲೂರು ಕಡೆಯ ಹೆಂಗಸೊಬ್ಬರು ಬೆಳಿಗ್ಗೆಯೇ ಬಂದು ರಜೆ ಕೇಳಿದರು. ನಲವತ್ತೈದರ ಆಸುಪಾಸು, ಮಾತು ಕಡಿಮೆ, ಹಣ್ಣು ಕೊಯ್ಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ರೈಟರು ಪುಟ ತಿರುವಿ ನೋಡಿದರು. ಹೋದ ವಾರವೂ ಕಾಗೆ, ಅದರ ಹಿಂದಿನ ವಾರವೂ ಕಾಗೆ.

"ಏನವ್ವಾ, ನಿನ್ನ ಕಾಗೆ ಗೂಡು ಕಟ್ಬುಡ್ತಾ ಹೆಂಗೆ?"

ಬಾಗಿಲಲ್ಲಿದ್ದವರೆಲ್ಲ ನಕ್ಕರು. ಆಕೆ ಸೆರಗು ಬಿಗಿದುಕೊಂಡು ತೋಟಕ್ಕೆ ಹೋದರು.

ಹನ್ನೊಂದರ ಹೊತ್ತಿಗೆ ಗಿಡದ ಸಾಲಿನಲ್ಲೇ ಕುಸಿದು ಬಿದ್ದರು. ನಾನು ಓಡಿ ಹೋಗುವಷ್ಟರಲ್ಲಿ ಉಳಿದ ಹೆಂಗಸರು ಸುತ್ತ ಮರೆಯಾಗಿ ನಿಂತಿದ್ದರು. ಸೀರೆ ಮೊಣಕಾಲಿನವರೆಗೆ ರಕ್ತದಲ್ಲಿ ನೆನೆದಿತ್ತು, ಮೇಲೊಂದು ಕಂಬಳಿ ಸುತ್ತಿದೆವು. ಜೀಪು ತಂದ ಡ್ರೈವರು ಹತ್ತಿರ ಬಾರದೆ, ಸೀಟಿಗಾಗುತ್ತದೆ, ಕೆಳಗೆ ಗೋಣಿಚೀಲ ಹಾಸಿ ಮಲಗಿಸಿ ಎಂದ. ದಿನಾ ಅದೇ ಜೀಪಿನಲ್ಲಿ ಗೊಬ್ಬರ ಹೇರುತ್ತಿದ್ದವನು. ಜಗಳಕ್ಕೆ ಸಮಯವಿರಲಿಲ್ಲ. ಗೋಣಿಯ ಮೇಲೆ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನೂ ಕೂತೆ.

ಸಕಲೇಶಪುರದ ನರ್ಸಿಂಗ್ ಹೋಮಿನಲ್ಲಿ ಚೀಟಿ ಬರೆಯುವವರು ಏನು ತೊಂದರೆ ಎಂದು ಕೇಳಿದರು. ಹಿಂದೆ ಗಂಡಸರು ಸಾಲಾಗಿ ನಿಂತಿದ್ದರು. ನನ್ನ ಬಾಯಿಂದ ಬಂದದ್ದು "ಹೊಟ್ಟೆನೋವು". ಕೆಮ್ಮು, ಜ್ವರದವರ ಹಿಂದೆ ನಮಗೊಂದು ನಂಬರು ಸಿಕ್ಕಿತು. ರೈಟರ ಬಗ್ಗೆ ಅಷ್ಟು ಅಸಹ್ಯಪಟ್ಟವಳು ಮುಕ್ಕಾಲು ಗಂಟೆ ಆ ಬೆಂಚಿನ ಮೇಲೆ ನಾನೇ ಆಕೆಯನ್ನು ಕೂರಿಸಿಕೊಂಡಿದ್ದೆ. ಆಕೆಯ ತುಟಿ ಬಿಳಿಚಿಕೊಂಡು ಬಂತು. ಕೊನೆಗೆ ಆಕೆಯೇ ನನ್ನ ಮಣಿಕಟ್ಟು ಹಿಡಿದರು.

"ಹೇಳ್ಬುಡು ಮಗಾ. ಇಪ್ಪತ್ತು ದಿನದಿಂದ ಹೋಗ್ತಾನೇ ಐತೆ. ಹೊಟ್ಟೆನೋವು ಅಂದ್ರೆ ಇವ್ರಿಗೇನ್ ಗೊತ್ತಾಗ್ತೈತೆ?"

ನಾನು ಎದ್ದು ಹೋಗಿ, ಇವರಿಗೆ ಮುಟ್ಟು ನಿಂತಿಲ್ಲ, ಇಪ್ಪತ್ತು ದಿನದಿಂದ ರಕ್ತ ಹೋಗುತ್ತಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಗಂಡಸರು ಗೋಡೆ ನೋಡತೊಡಗಿದರು. ನರ್ಸು ಓಡಿಬಂದಳು. ಅಲ್ಲಿಂದ ಹಾಸನಕ್ಕೆ ಕಳಿಸಿದರು. ರಕ್ತ ಕೊಟ್ಟು, ನಾಲ್ಕು ದಿನದ ಮೇಲೆ ಗಡ್ಡೆಯ ಸಮೇತ ಗರ್ಭಕೋಶ ತೆಗೆದರು. ಜೀವ ಉಳಿಯಿತು.

ಆಕೆಯನ್ನು ಹಾಸನಕ್ಕೆ ಸೇರಿಸಿದ ಮಾರನೆಯ ದಿನ ಹಾಜರಿ ಪುಸ್ತಕವನ್ನು ಸಾಹುಕಾರರ ಮುಂದೆ ಬಿಚ್ಚಿಟ್ಟು, ಈ ಹಕ್ಕಿ ಎಂದರೆ ಮುಟ್ಟು ಎಂದೆ. ಅವರು ಒಂದು ಪುಟ ನೋಡಿ, ಒದ್ದೆಯಾದದ್ದನ್ನು ಸರಿಸುವಂತೆ ಬೆರಳ ತುದಿಯಲ್ಲಿ ಪುಸ್ತಕ ತಳ್ಳಿದರು. ಇಂಥದ್ದನ್ನೆಲ್ಲ ತಮ್ಮ ಹತ್ತಿರ ತರಬಾರದು, ಅಮ್ಮಾವರಿಗೆ ಹೇಳಬೇಕು ಎಂದರು. ಅವರಿಗೆ ಅಸಹ್ಯವಾದದ್ದು ಚಿತ್ರವಲ್ಲ, ನಾನು ಹೇಳಿದ ಮಾತು. ಆದರೂ ಹಕ್ಕಿ ಬಿಡಿಸುವುದು ನಿಂತಿತು. ರೈಟರು ನಾನು ಕೆಲಸ ಬಿಡುವವರೆಗೂ ನನ್ನೊಡನೆ ಮಾತಾಡಲಿಲ್ಲ, ನನಗೇನೂ ನಷ್ಟವಾಗಲಿಲ್ಲ.

ಎರಡು ತಿಂಗಳ ಮೇಲೆ ಆಕೆ ಲೈನಿಗೆ ವಾಪಸು ಬಂದರು. ಜಗಲಿಯ ಬಿಸಿಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತ, ಚಕ್ಕೋತದಷ್ಟು ಗಡ್ಡೆ ಇತ್ತೆಂದು ಕೈಯಲ್ಲಿ ಅಳತೆ ತೋರಿಸಿ ಹೇಳುತ್ತಿದ್ದರು. ಡ್ರೈವರು ಆ ದಾರಿಯಲ್ಲೇ ಬಂದ. ಪಕ್ಕದವಳು ಸುಮ್ಮನಿರು ಎಂದು ಮೊಣಕೈಯಲ್ಲಿ ತಿವಿದಳು. ಆಕೆ ದನಿ ತಗ್ಗಿಸಲಿಲ್ಲ.