ನೆನಪಿನ ಗುಳಿಗೆ

ಹೆಂಡತಿ ತೀರಿಕೊಂಡ ಮೂರನೇ ವಾರ, ಶಾಲೆ ಬಿಟ್ಟ ಮೇಲೆ, ಅವಳ ಉಳಿದ ಗುಳಿಗೆಗಳನ್ನು ಹಿಂತಿರುಗಿಸಲು ಬೀಳಗಿಯ ಔಷಧಿ ಅಂಗಡಿಗೆ ಹೋಗಿದ್ದೆ. ನನಗಿಂತ ಮುಂದೆ ನಿಂತಿದ್ದವನು ಅಂಗಡಿಯವನಿಗೆ ಸಿನಿಮಾದ ಕತೆ ಹೇಳುತ್ತಿದ್ದ.

“ಹೀರೋ ಒಂದ ಗುಳಿಗಿ ನುಂಗತಾನ್ರಿ, ದಪ್ಪ ದಪ್ಪ ಪುಸ್ತಕ ಎಲ್ಲಾ ಬಾಯಿಪಾಠ. ನಿನ್ನೆ ಮಗಳ ಜೋಡಿ ಕುಂತು ಪೂರಾ ನೋಡೇನಿ. ಆಕಿಗೆ ಅಂಥಾದ್ದೊಂದು ಕೊಡ್ರಿ.”

“ಆಕಿ ಪರೀಕ್ಷಾ ಯಾವಾಗ?”

“ನಾಳೆ ಐತ್ರಿ.”

“ಅದು ನಮ್ಮಲ್ಲಿ ಬರಂಗಿಲ್ಲ. ಜಮಖಂಡ್ಯಾಗ ಕೇಳ್ರಿ,” ಎಂದ ಅಂಗಡಿಯವನು, ಗಂಭೀರವಾಗಿಯೇ. ಆಮೇಲೆ ನಾನು ಕೊಟ್ಟಿದ್ದನ್ನು ತಿರುವಿ ನೋಡಿದ. “ಸರ, ಇವು ನೆನಪಿನ ಶಕ್ತಿ ಗುಳಿಗಿ. ಅರ್ಧಾ ತಗೊಂಡದ್ದು ವಾಪಸ್ ಆಗಂಗಿಲ್ರಿ.”

ಆ ತಂದೆ ತಟ್ಟನೆ ನನ್ನತ್ತ ತಿರುಗಿದ. “ನನಗರ ಕೊಡ್ರಿ ಸರ. ಖರೇನ ಕೆಲಸಾ ಮಾಡತಾವೇನ್ರಿ?”

ಕೊನೆಯ ತಿಂಗಳು ನನ್ನ ಹೆಂಡತಿ ದಿನವೂ ಬೆಳಿಗ್ಗೆ ನನ್ನ ಹೆಸರು ಕೇಳುತ್ತಿದ್ದಳು.