ಗಾಡಿಯ ಹಿಂದಿನ ಎಡಮೂಲೆ

ನಮ್ಮ ಮನೆಯವರು ತಮ್ಮ ಗಾಡಿಗೆ ಹಿಂದಿನದು ಕಾಣುವ ಕ್ಯಾಮೆರಾ ಹಾಕಿಸಲು ಹೊರಟ ದಿನ, ನಾನು ಬೇಡವೆಂದರೂ ಕೇಳದೆ ನನ್ನನ್ನೂ ಕರೆದುಕೊಂಡು ಹೋದರು. ಯಾಕೆ ಎಂದು ಹೇಳಲಿಲ್ಲ. ಎಂಟು ತಿಂಗಳಿಂದ ಅವರು ನನಗೆ ಯಾವುದಕ್ಕೂ ಯಾಕೆ ಎಂದು ಹೇಳುತ್ತಿರಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು, ಕೈ ತೊಳೆದು ಹೋಗುತ್ತಿದ್ದರು.

ಅದಕ್ಕೆ ಮೊದಲು ಕ್ಯಾಮೆರಾದ ಕೆಲಸ ನನ್ನದೇ ಆಗಿತ್ತು. ಚಳ್ಳಕೆರೆಯಲ್ಲಿ ನಮ್ಮದು ಮುಂದೆ ದಾರಿಯಿಲ್ಲದ ಓಣಿಯ ಕೊನೆಯ ಮನೆ. ಇವರು ಬಾಡಿಗೆಗೆ ಓಡಿಸುತ್ತಿದ್ದ ಹಳೆಯ ವ್ಯಾನು ಬೆಳಿಗ್ಗೆ ಓಣಿಯುದ್ದಕ್ಕೂ ಹಿಂದಕ್ಕೇ ಹೋಗಿ ರಸ್ತೆ ಸೇರಬೇಕಿತ್ತು. ತಿರುಗಿಸಲು ಜಾಗವಿರಲಿಲ್ಲ. ಹಾಗಾಗಿ ದಿನಾ ನಾನು ಗಾಡಿಯ ಬಲ ಪಕ್ಕಕ್ಕೆ, ಹಿಂದಿನ ಚಕ್ರದ ಹತ್ತಿರ ನಿಂತು, ಅವರ ಕನ್ನಡಿಯಲ್ಲಿ ನನ್ನ ಮುಖ ಕಾಣುವ ಹಾಗೆ ನೋಡಿಕೊಂಡು, ಗಾಡಿಯ ಮೈಮೇಲೆ ತಟ್ಟುತ್ತಾ "ಬರ್ಲಿ, ಬರ್ಲಿ" ಎನ್ನಬೇಕು. ಒಲೆಯ ಮೇಲೆ ಹಾಲಿಟ್ಟು ಬಂದಿರುತ್ತಿದ್ದೆ, ಸೆರಗಿಗೆ ಹಿಟ್ಟು ಮೆತ್ತಿರುತ್ತಿತ್ತು. ಹೀಗಿದ್ದರೂ ಆ ಕೆಲಸ ನನಗೆ ಇಷ್ಟವಾಗಿತ್ತು. ಗಂಡ ಎಂಬ ಪ್ರಾಣಿ ಹೆಂಡತಿಯ ಮಾತು ತಪ್ಪದೆ ಕೇಳುವುದು ದಿನಕ್ಕೆ ಆ ಐದು ನಿಮಿಷ ಮಾತ್ರ.

ನನ್ನ ತವರು ಮೊಳಕಾಲ್ಮೂರು ಕಡೆ, ದೇವಸಮುದ್ರದ ಹತ್ತಿರ. ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ಕೋಪ ಮಾತ್ರ ಎರಡೂ ಭಾಷೆಯಲ್ಲಿ ಮೂಗಿನ ತುದಿಯಲ್ಲೇ ಇತ್ತು. ನಮ್ಮತ್ತೆಯದೂ ಅದೇ ಜಾಯಮಾನ. ವರ್ಷಕ್ಕೆ ನಾಲ್ಕು ಸಲವಾದರೂ ನಾವಿಬ್ಬರೂ ಮಾತು ಬಿಡುತ್ತಿದ್ದೆವು. ಆಗ ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದೆವು. "ಯಾರಾದ್ರೂ ನೀರು ಕಾಯಿಸಿದ್ರೆ ಸ್ನಾನ ಆಗ್ತಿತ್ತು" ಎಂದು ಅವರು ಗೋಡೆಗೆ ಹೇಳಿದರೆ, "ನೀರು ಕಾದೈತೆ, ಬೇಕಾದೋರು ತಗಳ್ಳಿ" ಎಂದು ನಾನು ಬಾಗಿಲಿಗೆ ಹೇಳುತ್ತಿದ್ದೆ. ಮೊದಲು ಯಾರು ಮಾತಾಡುತ್ತಾರೋ ಅವರು ಸೋತಂತೆ. ಇವರು ನಡುವೆ ಸಿಕ್ಕಿಕೊಂಡು ನಗುತ್ತಿದ್ದರು.

ಆ ಮುಂಗಾರಿನಲ್ಲಿ ನಾವು ಮಾತು ಬಿಟ್ಟದ್ದು ಎರಡು ಹಿಡಿ ಶೇಂಗಾಕ್ಕೆ. ನನ್ನಿವಾಳದ ಹತ್ತಿರವಿದ್ದ ಹೊಲಕ್ಕೆಂದು ಅತ್ತೆ ಬಿತ್ತನೆಗೆ ಕಾಯಿ ಸುಲಿದಿಡುತ್ತಿದ್ದರು. ಮನೆಯಲ್ಲಿ ಚಟ್ನಿಪುಡಿ ಮುಗಿದಿತ್ತು. ನಾನು ಅದರಲ್ಲೇ ಎರಡು ಹಿಡಿ ತೆಗೆದು ಹುರಿದೆ. "ಬಿತ್ತನೆ ಬೀಜ ತಿನ್ನೋ ಮನೆ ಉದ್ಧಾರ ಆಗಲ್ಲ" ಎಂದರು ಅತ್ತೆ. ನಿಮ್ಮ ಮಗನ ತಟ್ಟೆಗೇ ಹಾಕಿದ್ದು ಎಂದು ನಾನು ಕಟುವಾಗಿ ತಿರುಗಿ ಹೇಳಿದೆ. ಅಲ್ಲಿಂದ ಮೂರು ದಿನ ಇಬ್ಬರ ಬಾಯಿಗೂ ಬೀಗ.

ಅತ್ತೆ ಬೆಳಗಿನ ಹೊತ್ತು ಕಾಯಿ ಸುಲಿಯಲು ನಮ್ಮ ಮನೆಯಿಂದ ನಾಲ್ಕು ಮನೆ ಆಚೆ, ಗಾಡಿಯ ಎಡಕ್ಕೆ ಬರುವ, ನೆರಳು ಬೀಳುವ ಒಂದು ಗೋಡೆಗೆ ಒರಗಿ, ಮೊರ ತೊಡೆಯ ಮೇಲಿಟ್ಟುಕೊಂಡು, ಓಣಿಗೆ ಅಡ್ಡಲಾಗಿ ಕಾಲು ಚಾಚಿ ಕೂರುತ್ತಿದ್ದರು. ಗಾಡಿ ಹೊರಡುವ ಮೊದಲು "ಅತ್ತೆ, ಕಾಲು ಎಳ್ಕಳ್ರಿ" ಎನ್ನುವುದು ನನ್ನ ಕೆಲಸದಲ್ಲೇ ಸೇರಿತ್ತು. ಇವರು ಅದಕ್ಕಾಗಿಯೇ ಆ ಕಡೆ ನೋಡುತ್ತಿರಲಿಲ್ಲ. ನಾನು ಬರ್ಲಿ ಎಂದರೆ ದಾರಿ ಖಾಲಿ ಎಂದು ಅವರ ಲೆಕ್ಕ.

ಮೂರನೆಯ ದಿನ ನಾನು ಅದನ್ನು ಹೇಳಲಿಲ್ಲ. ರಸ್ತೆ ಖಾಲಿಯಿದೆಯೇ ಎಂದು ನೋಡಿ ಬರುವಾಗ ಅತ್ತೆಯ ಚಾಚಿದ ಕಾಲನ್ನು ಕಣ್ಣಾರೆ ನೋಡಿ, ಬಳಸಿಕೊಂಡೇ ಬಂದು ಬಲಗಡೆ ನಿಂತಿದ್ದೆ. ಹೇಳಿದರೆ ನಾನು ಸೋತಂತೆ. ರಿವರ್ಸ್ ಹಾಕಿದರೆ ಆ ಗಾಡಿ ಓಣಿಗೆಲ್ಲ ಕೇಳುವ ಹಾಗೆ ಹಾಡುತ್ತಿತ್ತು. ಕಿವಿಗೆ ಬಿದ್ದ ಮೇಲೆ ತಾವೇ ಎಳೆದುಕೊಳ್ಳುತ್ತಾರೆ, ಎಳೆದುಕೊಳ್ಳಲಿ, ಎಂದುಕೊಂಡು ಎದುರು ಮನೆಯ ಸುಣ್ಣದ ಗೋಡೆ ನೋಡುತ್ತಾ ಬರ್ಲಿ, ಬರ್ಲಿ ಎಂದೆ. ಗಾಡಿ ಸ್ವಲ್ಪ ಮೇಲೆದ್ದು ಇಳಿದಂತಾಯಿತು. ಆಮೇಲೆ ಅತ್ತೆ ಕೂಗಿದರು. ನಿಲ್ಲಿಸಿ ಎನ್ನಲು ಹೋಗಿ ನನ್ನ ಬಾಯಿಂದ "ಆಪು, ಆಪು" ಎಂದು ತೆಲುಗು ಬಂತು. ಅಷ್ಟರಲ್ಲಿ ಇವರು ಇಳಿದು ಓಡಿಬಂದಿದ್ದರು. ನೆಲದ ತುಂಬ ಬಿತ್ತನೆ ಬೀಜ ಚೆಲ್ಲಿತ್ತು.

ಎಡಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ರಾಡು ಹಾಕಿದರು. ಅಲ್ಲಿನ ವರಾಂಡದಲ್ಲಿ ಇವರು ಒಂದೇ ಒಂದು ಸಲ ಕೇಳಿದರು.

"ನಿನಗೆ ಕಾಣ್ಲಿಲ್ವಾ?"

"ಕಾಣ್ಲಿಲ್ಲ" ಎಂದೆ.

ಆ ಸುಳ್ಳು ಹೇಳಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಇವರು ನನ್ನ ಮುಖವನ್ನೇ ನೋಡಿದರು, ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಗಾಡಿಯ ಹಿಂದೆ ನಿಲ್ಲಲು ನನ್ನನ್ನು ಇನ್ನೆಂದೂ ಕರೆಯಲಿಲ್ಲ. ತಾವೇ ಇಳಿದು, ಬಗ್ಗಿ ಚಕ್ರದ ಕೆಳಗೆಲ್ಲ ನೋಡಿ, ಹತ್ತಿ, ಎರಡು ಮಾರು ಹಿಂದೆ ಹೋಗಿ, ಮತ್ತೆ ಇಳಿದು ನೋಡುತ್ತಿದ್ದರು. ನಾನು ಕಿಟಕಿಯಿಂದ ಅದನ್ನು ನೋಡುತ್ತಾ ನಿಂತಿರುತ್ತಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಉತ್ತರ ಕೊಟ್ಟು ನನಗೆ ಅಭ್ಯಾಸವಿತ್ತು, ಸುಮ್ಮನಿರುವ ಗಂಡನಿಗೆ ಏನು ಹೇಳಬೇಕೋ ತಿಳಿಯುತ್ತಿರಲಿಲ್ಲ. ಅತ್ತೆಯೂ ಮಂಚದ ಮೇಲಿಂದ ನನ್ನನ್ನು ದೂರಿ ಒಂದು ಮಾತೂ ಆಡಲಿಲ್ಲ. ನಾನೇ ಎತ್ತಿ ಕೂರಿಸುತ್ತಿದ್ದೆ, ನಾನೇ ತೊಳೆಯುತ್ತಿದ್ದೆ. ಅಗತ್ಯದ ಮಾತು ಈಗ ಗೋಡೆಗಲ್ಲ, ನೇರವಾಗಿಯೇ ನಡೆಯುತ್ತಿತ್ತು. ಅದರಲ್ಲಿ ಗೆದ್ದವರು ಯಾರೂ ಇರಲಿಲ್ಲ.

ಕ್ಯಾಮೆರಾವನ್ನು ಇವರು ಬಳ್ಳಾರಿಗೆ ಬಾಡಿಗೆ ಹೋದಾಗ ತಂದಿದ್ದರು. ಎಲ್ಲರ ಕೈಗೂ ಮೊಬೈಲು ಬರುತ್ತಿದ್ದ ಕಾಲ, ಆದರೆ ಚಳ್ಳಕೆರೆಯ ಬಾಡಿಗೆ ಗಾಡಿಗಳಲ್ಲಿ ಇಂಥದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಪಾವಗಡ ರಸ್ತೆಯಲ್ಲಿ ಗಾಡಿಗಳ ವೈರಿಂಗ್ ಮಾಡುತ್ತಿದ್ದ ಒಬ್ಬ ವಯಸ್ಸಾದ ಸಾಬರು ಡಬ್ಬಿ ಬಿಚ್ಚಿ, ಚೀನಿ ಅಕ್ಷರದ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, "ಇದು ಓದೋಕೆ ಬರಲ್ಲ ಭಾಯ್, ವೈರ್ ಎಲ್ಲಾ ಕಡೆ ವೈರೇ" ಎಂದು ಮಡಚಿ ಜೇಬಿಗಿಟ್ಟರು. ಹಿಂದಿನ ದೀಪದ ಗಾಜು ಕಳಚಿ ರಿವರ್ಸ್ ಲೈಟಿನ ವೈರು ಹುಡುಕಿದರು. ಅದಕ್ಕೆ ಕ್ಯಾಮೆರಾದ ಕೆಂಪು ವೈರು ಸುತ್ತಿ ಟೇಪು ಹಾಕಿದರು. ನಂಬರ್ ಪ್ಲೇಟಿನ ಮೇಲೆ ತೂತು ಕೊರೆದು ಕಣ್ಣು ಕೂರಿಸಿದರು. ಉದ್ದನೆಯ ಕೇಬಲ್ಲನ್ನು ಮ್ಯಾಟಿನಡಿ ಹರಿಸಿ ಮುಂದೆ ಅಂಗೈಯಗಲದ ಪರದೆಗೆ ಸೇರಿಸಿದರು. ಮೊದಲು ಹಚ್ಚಿದಾಗ ಆಕಾಶ ಕೆಳಗೆ, ರಸ್ತೆ ಮೇಲೆ ಕಾಣಿಸಿತು. ಕಣ್ಣನ್ನು ತಲೆಕೆಳಗಾಗಿ ಕೂರಿಸಿದ್ದರು. ಬೇರೆ ದಿನವಾಗಿದ್ದರೆ ನಾನು ನಕ್ಕು ಸಾಬರಿಗೆ ಏನಾದರೂ ಅಂದುಬಿಡುತ್ತಿದ್ದೆ.

ಸರಿಪಡಿಸಿದ ಮೇಲೆ ಇವರು ಅಂಗಡಿಯ ಪಕ್ಕ ಬಿದ್ದಿದ್ದ ಒಂದು ಸವೆದ ಟೈರನ್ನು ಉರುಳಿಸಿಕೊಂಡು ಬಂದು ಗಾಡಿಯ ಹಿಂದೆ, ಎಡ ಚಕ್ರದ ನೇರಕ್ಕೆ ಮಲಗಿಸಿದರು. ಹೆಜ್ಜೆ ಹಾಕಿ ಅಳತೆ ನೋಡಿ ಅರ್ಧ ಹೆಜ್ಜೆ ಸರಿಸಿದರು. ನನ್ನನ್ನು ಕರೆತಂದದ್ದು ಯಾಕೆಂದು ಆಗ ತಿಳಿಯಿತು: ಆ ಟೈರು ಅತ್ತೆಯ ಕಾಲಿನ ಜಾಗದಲ್ಲಿತ್ತು. "ಒಳಗೆ ಕೂತು ಪರದೆ ನೋಡು" ಎಂದರು. ಕೂತೆ. ಟೈರು ಚೆನ್ನಾಗಿ ಕಾಣುತ್ತಿತ್ತು. ಇವರು ಬಲಗಡೆಗೆ ಹೋದರು. ನಾನು ದಿನಾ ನಿಲ್ಲುತ್ತಿದ್ದ ಜಾಗದಲ್ಲಿ, ನನ್ನ ಹಾಗೆಯೇ ಗಾಡಿಯ ಮೇಲೆ ಕೈಯಿಟ್ಟು ನಿಂತರು. ಕನ್ನಡಿಯಲ್ಲಿ ಅವರ ಮುಖ ನನಗೆ ಕಾಣುತ್ತಿತ್ತು. ನನ್ನ ಎತ್ತರಕ್ಕೆ ಸರಿಯಾಗಲೆಂದು ಮಂಡಿ ಸ್ವಲ್ಪ ಬಗ್ಗಿಸಿದರು, ಕತ್ತು ಚಾಚಿದರು. ಟೈರು ಕಾಣುತ್ತದೆಯೇ ಎಂದು ಆ ಮೂಲೆಯ ಕಡೆ ನೋಡಿದರು.

ಆಮೇಲೆ ನನ್ನ ಬಾಗಿಲ ಹತ್ತಿರ ಬಂದರು.

"ಅಲ್ಲಿ ನಿಂತ್ರೆ ಆ ಮೂಲೆ ಕಾಣಲ್ಲ. ಗಾಡಿ ಅಡ್ಡ ಬರ್ತೈತೆ" ಎಂದರು. "ನೀನು ಕಾಣ್ಲಿಲ್ಲ ಅಂದೆ, ನಾನು ನಂಬ್ಲಿಲ್ಲ. ಎಂಟು ತಿಂಗಳು ನಿನ್ನ ಮೇಲೆ ಅನುಮಾನ ಇಟ್ಕಂಡಿದ್ದೆ. ತಪ್ಪಾಯ್ತು ಕಣೆ."

ಅವರ ಕಣ್ಣು ತುಂಬಿತ್ತು. ಮದುವೆಯಾಗಿ ಅಷ್ಟು ವರ್ಷದಲ್ಲಿ ಆ ಮನುಷ್ಯ ನನಗೆ ತಪ್ಪಾಯ್ತು ಅಂದದ್ದು ಅದೊಂದೇ ಸಲ. ಈಗಲಾದರೂ ಹೇಳು, ಈಗಲೇ ಹೇಳಿಬಿಡು ಎಂದು ಒಳಗೆ ಒದ್ದಾಡಿದೆ. ಹೇಳಿದರೆ ಈ ಮುಖ ಮತ್ತೆ ಆ ಮುಖವಾಗುತ್ತದೆ. ನನಗೆ ಧೈರ್ಯ ಬರಲಿಲ್ಲ. "ಹೋಗ್ಲಿ ಬಿಡ್ರಿ" ಎಂದೆ, ಕ್ಷಮಿಸುವವಳ ಹಾಗೆ. ನನ್ನ ಬಾಯಿಂದ ಬಂದ ಮಾತುಗಳಲ್ಲಿ ಅದಕ್ಕಿಂತ ಕೆಟ್ಟದ್ದು ನನಗೆ ನೆನಪಿಲ್ಲ. ಇವರು ಎದುರಿನ ಹೋಟೆಲಿನಿಂದ ನನಗೆ ಟೀ ತರಿಸಿದರು. ಕುಡಿದೆ.

ಮನೆಗೆ ಬಂದವರೇ ಇವರು ಅತ್ತೆಯ ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದರು: ಟೈರು ಇಟ್ಟದ್ದು, ತಾವು ನಿಂತು ನೋಡಿದ್ದು, ಅವಳ ತಪ್ಪೇನೂ ಇರಲಿಲ್ಲ ಎಂದು. ನಾನು ನಡುಮನೆಯ ಬಾಗಿಲಲ್ಲಿ ನಿಂತಿದ್ದೆ. ಅತ್ತೆ ನನ್ನ ಕಡೆ ನೋಡಿದರು. ಅಂದು ನಾನು ಅವರ ಚಾಚಿದ ಕಾಲನ್ನು ಬಳಸಿಕೊಂಡು ದಾಟಿ ಹೋದದ್ದನ್ನು ಕಂಡಿದ್ದವರು ಅವರೊಬ್ಬರೇ.

"ಹೂಂ ಕಣಪ್ಪ" ಎಂದರು ಮಗನಿಗೆ. "ಅಲ್ಲಿಂದ ಎಲ್ಲಿ ಕಾಣ್ತೈತೆ."

ಇವರು ಎದ್ದು ಹೊರಗೆ ಹೋದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದರು. ಮುರಿದ ಕಾಲಿನ ಮೇಲೆ ಹೊದಿಕೆ ಎಳೆದುಕೊಳ್ಳುತ್ತಾ ತಗ್ಗಿದ ದನಿಯಲ್ಲಿ ಹೇಳಿದರು.

"ಕಾಲು ಎಳ್ಕಳಕ್ಕೆ ಹೊತ್ತಿತ್ತು ಕಣೆ ನನಗೆ. ನೀನೇ ಬಾಯ್ಬಿಟ್ಟು ಕೇಳ್ಲಿ ಅಂತ ಕೂತಿದ್ದೆ."

ನಾನು ಮಂಚದ ಕಾಲಿಗೆ ಒರಗಿ ಕೂತೆ. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಯಿತು, ಕೊನೆಯವರೆಗೂ ಅವರು ಕೋಲು ಹಿಡಿದೇ ನಡೆದರು. ಮಗನಿಗೆ ಅವರೂ ಹೇಳಲಿಲ್ಲ, ನಾನೂ ಹೇಳಿಲ್ಲ. ಮನೆಗೆ ಬಂದವರು ಯಾರಾದರೂ ಆ ಮಾತೆತ್ತಿದರೆ ಇವರು ಈಗಲೂ ಎದ್ದು ನಿಂತು, ಕತ್ತು ಚಾಚಿ ತೋರಿಸಿ, ನನ್ನ ಪರವಾಗಿ ವಾದ ಮಾಡುತ್ತಾರೆ. ನಾನು ಒಳಗೆ ಹೋಗಿಬಿಡುತ್ತೇನೆ.